ತೈಮೂರ್ ಬಿದನೂರಿಗೆ ಬರಲಿಲ್ಲ, ಅವನ ಹೆಸರು ಬಂತು

ಈ ವಾರದ ಸಂಚಿಕೆಯ ಬರಹ ರೂಪ ಇದು. ಸಾಗರದ ಬಸ್ಸಲ್ಲಿ ಇಯರ್‌ಫೋನ್ ಮರೆತು ಕೂತವರು, ಹೊಸನಗರ ದಾಟುತ್ತಿದ್ದಂತೆ ನೆಟ್‌ವರ್ಕ್ ಹೋಗಿ ಆಡಿಯೋ ನಿಂತುಹೋದವರು, ಇಲ್ಲೇ ಓದ್ಕೊಳ್ಳಿ.

ಹೋದ ಸಂಚಿಕೆ ಮುಗಿದ ಮೇಲೆ ತೀರ್ಥಹಳ್ಳಿ ಕಡೆಯ ಕೇಳುಗರೊಬ್ಬರು ಒಂದು ವಾಯ್ಸ್ ಮೆಸೇಜ್ ಕಳಿಸಿದ್ರು. "ಅಣ್ಣಾ, ತೈಮೂರ್ ಬಗ್ಗೆ ದಿನಾ ಒಂದು ರೀಲ್ಸ್ ಬರ್ತದೆ. ತಲೆಬುರುಡೆ ಗೋಪುರ, ಸಮಾಧಿ ಶಾಪ, ಅದು ಇದು. ಅವನಿಗೂ ನಮ್ಮೂರಿಗೂ ಏನಾದ್ರೂ ಸಂಬಂಧ ಉಂಟಾ? ಇಲ್ಲದಿದ್ರೆ ನಮ್ಮ ಕ್ಲಾಸ್ ಗ್ರೂಪಲ್ಲಿ ಅವನ ಹೆಸರಲ್ಲಿ ಯಾಕೆ ಜಗಳ?"

ಒಳ್ಳೇ ಪ್ರಶ್ನೆ. ಚಿಕ್ಕ ಉತ್ತರ: ತೈಮೂರ್ ನಮ್ಮ ಕಡೆ ಕಾಲಿಟ್ಟಿಲ್ಲ. ದೆಹಲಿಯಿಂದ ಕೆಳಗೆ ಇಳಿಯಲೇ ಇಲ್ಲ. ಆದ್ರೆ ಅವನ ಹೆಸರು ನಮ್ಮ ಕಡೆ ಎರಡು ಸಲ ಬಂದಿದೆ. ಒಂದು ಸಲ ರಾಯಭಾರಿಯ ಕೈಯಲ್ಲಿ ಕಾಗದವಾಗಿ. ಇನ್ನೊಂದು ಸಲ ಸೈನ್ಯವಾಗಿ, ಅದೂ ಬಿದನೂರಿನ ಬಾಗಿಲಿಗೇ. ಈ ಎರಡು ಕಥೆ ಗೊತ್ತಾದ್ರೆ, ಒಬ್ಬ ಕ್ರೂರ ದೊರೆ ಸತ್ತ ಮೇಲೆ ಅವನಿಂದ ಉಳಿಯೋದು ಏನು ಅನ್ನೋದು ಗೊತ್ತಾಗುತ್ತೆ. ಗ್ರೂಪಿನ ಜಗಳಕ್ಕೂ ಅಲ್ಲೇ ಉತ್ತರ ಇದೆ.

ಯಾರು ಈ ತೈಮೂರ್?

ಹುಟ್ಟಿದ್ದು 1336ರಲ್ಲಿ, ಈಗಿನ ಉಜ್ಬೇಕಿಸ್ತಾನದ ಶಹರಿಸಬ್ಜ್ ಹತ್ತಿರ. ಬರ್ಲಾಸ್ ಅನ್ನೋ ಕುಲದವನು. ಮೂಲದಲ್ಲಿ ಮಂಗೋಲರು, ಹೊತ್ತಿಗೆ ತುರ್ಕಿ ಭಾಷೆ ಆಡ್ತಿದ್ದವರು. ಕುದುರೆ, ಕುರಿ ಕಟ್ಟಿಕೊಂಡು ಹುಲ್ಲು ಇರೋ ಕಡೆ ಗುಡಾರ ಹಾಕೋ ಜನ. ಹರೆಯದಲ್ಲಿ ಬಲಗಾಲು, ಬಲಗೈಗೆ ಗಾಯವಾಗಿ ಕುಂಟಾದ. ಹಾಗಾಗಿ ಪರ್ಷಿಯನ್ನಲ್ಲಿ 'ತೈಮೂರ್-ಎ-ಲಂಗ್', ಅಂದ್ರೆ ಕುಂಟ ತೈಮೂರ್. ಯುರೋಪಿನವರ ಬಾಯಲ್ಲಿ ಅದೇ 'ಟ್ಯಾಮರ್ಲೇನ್' ಆಯ್ತು.

ಅವನ ದೊಡ್ಡ ಬಂಡವಾಳ ಕುದುರೆ ಮೇಲಿನ ಬಿಲ್ಲುಗಾರರು. ದಿನಕ್ಕೆ ಎಷ್ಟೋ ಹರಿದಾರಿ ಓಡಿ, ಎದುರಿನವರು ತಯಾರಾಗೋ ಮೊದಲೇ ಮೇಲೆ ಬೀಳೋದು. ಎರಡನೇ ಬಂಡವಾಳ ಹೆದರಿಕೆ. ಒಂದು ಊರನ್ನ ಭೀಕರವಾಗಿ ಹಾಳು ಮಾಡಿದ್ರೆ ಮುಂದಿನ ಹತ್ತು ಊರು ಬಾಗಿಲು ತೆಗೀತಾವೆ ಅನ್ನೋ ಲೆಕ್ಕ. 1387ರಲ್ಲಿ ಇರಾನಿನ ಇಸ್ಫಹಾನ್ ಜನ ತೆರಿಗೆ ವಸೂಲಿಗೆ ಬಂದವರನ್ನ ಕೊಂದರು. ಉತ್ತರವಾಗಿ ತೈಮೂರ್ 70,000 ತಲೆ ಕಡಿಸಿದ, ಅವುಗಳಿಂದ ಗೋಪುರ ಕಟ್ಟಿಸಿದ ಅಂತ ಚರಿತ್ರೆಕಾರರು ಬರೆದಿದ್ದಾರೆ. 1401ರಲ್ಲಿ ಬಾಗ್ದಾದ್‌ನಲ್ಲೂ ಇದೇ ಕಥೆ.

ದೆಹಲಿಗೆ ಬಂದದ್ದು 1398ರಲ್ಲಿ. ಡಿಸೆಂಬರ್ 17ರಂದು ತುಘಲಕ್ ಸುಲ್ತಾನ ನಾಸಿರುದ್ದೀನ್ ಮಹಮೂದನ ಸೈನ್ಯದ ಎದುರು ಯುದ್ಧ. ಅದಕ್ಕೂ ಕೆಲವು ದಿನ ಮೊದಲು, ದಾರಿಯುದ್ದಕ್ಕೂ ಹಿಡಿದು ತಂದ ಸೆರೆಯಾಳುಗಳು ಹಿಂದಿನಿಂದ ತಿರುಗಿ ಬಿದ್ದಾರು ಅಂತ, ಎಲ್ಲರನ್ನೂ ಕೊಲ್ಲಿಸಿದ. ಲೆಕ್ಕ 1,00,000 ಅಂತ ಅವನ ಕಡೆಯ ಚರಿತ್ರೆಕಾರರೇ ಬರೆದಿದ್ದಾರೆ. ಯುದ್ಧ ಗೆದ್ದ ಮೇಲೆ ನಗರದಲ್ಲಿ ಹಲವು ದಿನ ಕೊಲೆ, ಲೂಟಿ. ಕಲ್ಲುಕುಟಿಗರನ್ನ, ಬೇರೆ ಕುಶಲಕರ್ಮಿಗಳನ್ನ ಮಾತ್ರ ಉಳಿಸಿ ಸಮರ್ಕಂದಕ್ಕೆ ಎಳೆದುಕೊಂಡು ಹೋದ. ಅಲ್ಲಿ 1399ರಲ್ಲಿ ಶುರುವಾದ ಬೀಬಿ ಖಾನಿಂ ಮಸೀದಿಗೆ ಹಿಂದೂಸ್ತಾನದ ಕಲ್ಲುಕೆಲಸದವರ ಬೆವರೂ ಸೇರಿದೆ.

ಇಲ್ಲಿ ಎರಡು ಮಾತು ಗಮನದಲ್ಲಿ ಇಟ್ಕೊಳ್ಳಿ. ಒಂದು, ಆ ಕಾಲದ ಸಂಖ್ಯೆಗಳು ಜನಗಣತಿ ಅಲ್ಲ. ಗೆದ್ದವನ ಕಡೆಯವರು ಹೆದರಿಸೋಕೆ ಹಿಗ್ಗಿಸಿದ್ರು, ಸೋತವರು ನೋವಿನಲ್ಲಿ ಹಿಗ್ಗಿಸಿದ್ರು. ಹಾಗಂತ ಕೊಲೆ ಸುಳ್ಳಾಗಲ್ಲ. ಎರಡು, ಇಸ್ಫಹಾನ್, ಬಾಗ್ದಾದ್, ಡಮಾಸ್ಕಸ್ ಎಲ್ಲ ಮುಸ್ಲಿಮರ ನಗರಗಳು. ದೆಹಲಿಯ ಸುಲ್ತಾನನೂ ಮುಸ್ಲಿಮನೇ. 1402ರಲ್ಲಿ ಅಂಕಾರಾ ಬಳಿ ಸೋತು ಸೆರೆಯಾದ ಆಟೋಮನ್ ಸುಲ್ತಾನ ಬಾಯೆಜಿದ್ ಕೂಡ. ತೈಮೂರ್ ಧರ್ಮದ ಮಾತು ಆಡ್ತಿದ್ದ, ಆದ್ರೆ ಕತ್ತಿ ಎದುರಿಗೆ ಬಂದವರ ಧರ್ಮ ಕೇಳ್ತಿರಲಿಲ್ಲ.

ಅಳಿಯನ ಉಪಾಯ

ಇಷ್ಟೆಲ್ಲ ಗೆದ್ದವನು ತನ್ನನ್ನ 'ಖಾನ್' ಅಂತ ಕರ್ಕೊಳ್ಳಲೇ ಇಲ್ಲ. ಯಾಕೆ? ಆ ಹುಲ್ಲುಗಾವಲಿನ ಜಗತ್ತಿನಲ್ಲಿ ಖಾನ್ ಆಗೋ ಹಕ್ಕು ಚಂಗೀಸ್ ಖಾನನ ಗಂಡು ಸಂತಾನಕ್ಕೆ ಮಾತ್ರ. ತೈಮೂರ್ ಆ ವಂಶದವನಲ್ಲ. ಅವನು ಮಾಡಿದ ಉಪಾಯ ಎರಡು. ಚಂಗೀಸ್ ವಂಶದ ಸರಾಯ್ ಮುಲ್ಕ್ ಖಾನಿಂ ಎಂಬ ರಾಜಕುಮಾರಿಯನ್ನ ಮದುವೆಯಾದ, 'ಗುರ್ಕಾನ್' ಅಂತ ಬಿರುದು ಇಟ್ಕೊಂಡ. ಆ ಮಂಗೋಲ್ ಪದದ ಅರ್ಥ, ಅಳಿಯ. ಆಮೇಲೆ ಚಂಗೀಸ್ ವಂಶದ ಒಬ್ಬನನ್ನ ಹೆಸರಿಗೆ ಖಾನ್ ಮಾಡಿ ಕೂರಿಸಿ, ಅಧಿಕಾರ ಎಲ್ಲ ತಾನೇ ನಡೆಸಿದ.

ಇದು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ವಿಜಯನಗರದ ಅಳಿಯ ರಾಮರಾಯ! ಕೃಷ್ಣದೇವರಾಯನ ಅಳಿಯ. ಸದಾಶಿವರಾಯನನ್ನ ಸಿಂಹಾಸನದ ಮೇಲೆ ಕೂರಿಸಿ, 1565ರ ತಾಳಿಕೋಟೆ ಯುದ್ಧದವರೆಗೆ ರಾಜ್ಯವನ್ನ ತಾನೇ ಆಳಿದವನು. ನಮ್ಮ ಕೆಳದಿಯ ಸದಾಶಿವ ನಾಯಕ ಇದೇ ರಾಮರಾಯನ ಪರವಾಗಿ ಯುದ್ಧಕ್ಕೆ ಹೋದವನು. ಸಮರ್ಕಂದವೋ ಹಂಪಿಯೋ, ಕತ್ತಿಯಿಂದ ಗೆದ್ದವನಿಗೂ ಒಂದು ಹೆಸರಿನ ಆಸರೆ ಬೇಕು. "ನಾನು ಇಂಥವರ ಮನೆಯವನು" ಅಂತ ಹೇಳ್ಕೊಳ್ಳೋಕೆ ಏನಾದ್ರೂ ಬೇಕು.

ತೈಮೂರ್ ಚಂಗೀಸನ ಹೆಸರು ಸಾಲ ತಗೊಂಡ. 1405ರಲ್ಲಿ ಚೀನಾ ಮೇಲೆ ದಂಡೆತ್ತಿ ಹೋಗೋ ದಾರಿಯಲ್ಲಿ ಒಟ್ರಾರ್‌ನಲ್ಲಿ ಸತ್ತ. ಮುಂದೆ ಮಕ್ಕಳು, ಮೊಮ್ಮಕ್ಕಳು ತೈಮೂರನ ಹೆಸರನ್ನೇ ಬಂಡವಾಳ ಮಾಡ್ಕೊಂಡ್ರು. ಈಗ ಆ ಹೆಸರು ನಮ್ಮ ಕಡೆ ಬಂದ ಕಥೆಗೆ ಬರ್ತೀನಿ.

ಮೊದಲ ಸಲ: ಕಾಗದ ಹಿಡಿದು ಬಂದವನು

ತೈಮೂರ್ ಬದುಕಿರುವಾಗಲೇ ಅವನ ಹೆಸರಿನ ಬಿಸಿ ಕರ್ನಾಟಕಕ್ಕೆ ತಟ್ಟಿತ್ತು. ಕಲಬುರಗಿಯಲ್ಲಿ ಆಳುತ್ತಿದ್ದ ಬಹಮನಿ ಸುಲ್ತಾನ ಫಿರೋಜ್ ಶಾಹ, ಅವನು ಮತ್ತೆ ದಂಡೆತ್ತಿ ಬಂದಾನು ಅಂತ ಮೊದಲೇ ಉಡುಗೊರೆ ಕೊಟ್ಟು ರಾಯಭಾರಿಗಳನ್ನ ಕಳಿಸಿದ ಅಂತ ಚರಿತ್ರೆಕಾರ ಫಿರಿಷ್ತಾ ಬರೆದಿದ್ದಾನೆ. ಬದಲಿಗೆ ತೈಮೂರ್ ಮಾಳವ, ಗುಜರಾತ್ ನಿನ್ನದೇ ಅಂತ ಕಾಗದದ ಮೇಲೆ ದಾನ ಕೊಟ್ಟನಂತೆ. ತನ್ನ ಕೈಯಲ್ಲಿ ಇಲ್ಲದ್ದನ್ನ ದಾನ ಕೊಡೋದು ಸುಲಭ. ಅದನ್ನ ಕೇಳಿದ ಅಲ್ಲಿನ ಸುಲ್ತಾನರು ಹೆದರಿ, ಒಳಗೊಳಗೇ ವಿಜಯನಗರದ ರಾಯರ ಕಡೆ ವಾಲಿದರು ಅಂತಾನೂ ಫಿರಿಷ್ತಾ ಹೇಳ್ತಾನೆ.

ತೈಮೂರನ ಮಗ ಶಾಹರುಖ್ ಹೆರಾತ್‌ನಿಂದ ಆಳಿದ. ಅಪ್ಪನ ಹಾಗೆ ದಿನಾ ಯುದ್ಧಕ್ಕೆ ಹೊರಡುವವನಲ್ಲ. ಅವನು 1442ರಲ್ಲಿ ಅಬ್ದುರ್ ರಜಾಕ್ ಎಂಬ ರಾಯಭಾರಿಯನ್ನ ದಕ್ಷಿಣ ಭಾರತಕ್ಕೆ ಕಳಿಸಿದ. ಆತ ಹೊರ್ಮುಜ್ ಬಂದರಿನಿಂದ ಹಡಗು ಹತ್ತಿ ಕಲ್ಲಿಕೋಟೆಗೆ ಬಂದ. ಅರಬ್ಬಿ, ಪರ್ಷಿಯನ್ ಕುದುರೆಗಳು ನಮ್ಮ ಭಟ್ಕಳ, ಹೊನ್ನಾವರಕ್ಕೆ ಬರ್ತಿದ್ದದ್ದೂ ಇದೇ ಸಮುದ್ರದ ದಾರಿಯಲ್ಲಿ. ವಿಜಯನಗರದ ಇಮ್ಮಡಿ ದೇವರಾಯ ತನ್ನಲ್ಲಿಗೆ ಬರಲು ಹೇಳಿದ ಮೇಲೆ, ಆತ ಮಂಗಳೂರಿಗೆ ಬಂದು, ಘಟ್ಟ ಹತ್ತಿ, 1443ರ ಏಪ್ರಿಲ್ ಕೊನೆಯ ಹೊತ್ತಿಗೆ ಹಂಪಿ ತಲುಪಿದ.

ಘಟ್ಟದ ಮೇಲೆ ಸಿಕ್ಕ ಒಂದು ಊರನ್ನ, ಅಲ್ಲಿನ ಮನೆಗಳನ್ನ, ದೇವಸ್ಥಾನವನ್ನ ಆತ ತುಂಬಾ ಹೊಗಳಿದ್ದಾನೆ. ಆ ಊರಿನ ಹೆಸರನ್ನ ಕೆಲವು ವಿದ್ವಾಂಸರು 'ಬಿದರೂರು' ಅಂತ ಓದ್ತಾರೆ, ಅಂದ್ರೆ ನಮ್ಮ ಬಿದನೂರು, ಈಗಿನ ಹೊಸನಗರ ತಾಲ್ಲೂಕಿನ ನಗರ. ಇನ್ನು ಕೆಲವರು 'ಬೇಲೂರು' ಅಂತ ಓದ್ತಾರೆ. ಪರ್ಷಿಯನ್ ಲಿಪಿಯಲ್ಲಿ ಒಂದು ಚುಕ್ಕೆ, ಒಂದು ಗೆರೆ ಆಚೀಚೆ ಆದ್ರೆ ಊರೇ ಬದಲಾಗುತ್ತೆ. ನನಗೆ ಬೇಲೂರೇ ಸರಿ ಅನ್ನಿಸುತ್ತೆ. ಯಾಕಂದ್ರೆ ಬಿದನೂರು ರಾಜಧಾನಿಯಾಗಿ ಬೆಳೆದದ್ದು 200 ವರ್ಷ ಆದ ಮೇಲೆ, ವೀರಭದ್ರ ನಾಯಕನ ಕಾಲದಲ್ಲಿ. ಬೇಲೂರಿನಲ್ಲಿ ಹೊಯ್ಸಳರ ದೇವಸ್ಥಾನ ಆಗಲೇ 300 ವರ್ಷ ಹಳೆಯದು. ನಮ್ಮೂರು ಅನ್ನೋ ಪ್ರೀತಿಗೆ ಲೆಕ್ಕ ತಪ್ಪಿಸಬಾರದು.

ಹಂಪಿಯಲ್ಲಿ ದೇವರಾಯ ಈ ರಾಯಭಾರಿಗೆ ಒಳ್ಳೇ ಮರ್ಯಾದೆ ಕೊಟ್ಟ. ಇರೋಕೆ ಮನೆ, ದಿನಾ ಕುರಿ, ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ, ಮೇಲೆ ಚಿನ್ನದ ವರಹ. ಭೇಟಿ ಮಾಡಿದಾಗೆಲ್ಲ ವೀಳ್ಯ, ಕರ್ಪೂರ. ಎಲೆ, ಅಡಿಕೆ, ಸುಣ್ಣ ಹೇಗೆ ಸೇರಿಸಿ ಹಾಕ್ಕೊಳ್ತಾರೆ, ಅದರಿಂದ ಮುಖ ಹೇಗೆ ಕಳೆಗಟ್ಟುತ್ತೆ ಅಂತ ಆತ ಉದ್ದಕ್ಕೆ ವರ್ಣಿಸಿದ್ದಾನೆ. ತೈಮೂರನ ಮಗನ ದೂತ ಎಲೆ ಅಡಿಕೆಗೆ ಮಾರುಹೋದ ಅಂತ ಅಡಿಕೆ ತೋಟದ ಮನೆಯವರು ಧಾರಾಳವಾಗಿ ಹೇಳ್ಕೊಳ್ಳಬಹುದು.

ಆದ್ರೆ ನನಗೆ ಹಿಡಿಸಿದ್ದು ಇನ್ನೊಂದು ವಿಷಯ. ಹೊಟ್ಟೆಕಿಚ್ಚಿನಿಂದ ಹೊರ್ಮುಜ್‌ನ ಕೆಲವರು "ಇವನು ಶಾಹರುಖ್ ಕಳಿಸಿದ ರಾಯಭಾರಿಯೇ ಅಲ್ಲ" ಅಂತ ಹಂಪಿಯಲ್ಲಿ ಗಾಳಿಸುದ್ದಿ ಹಬ್ಬಿಸಿದ್ರು. ಅಷ್ಟಕ್ಕೇ ಅವನಿಗೆ ಕೊಡ್ತಿದ್ದ ದಿನದ ಪಡಿ, ಮರ್ಯಾದೆ ಕಡಿಮೆಯಾದವು. ತೈಮೂರನ ಹೆಸರಿಗೆ ಬೆಲೆ ಇತ್ತು. ಆದ್ರೆ ಆ ಹೆಸರು ಹೇಳ್ಕೊಂಡು ಬಂದವನು ಅದು ನಿಜ ಅಂತ ತೋರಿಸಬೇಕಿತ್ತು.

ಎರಡನೇ ಸಲ: ಬಿದನೂರಿನ ಬಾಗಿಲಿಗೆ

ಈಗ ಸುಮಾರು 250 ವರ್ಷ ಮುಂದೆ ಹಾರೋಣ. ತೈಮೂರನಿಂದ ಐದನೇ ತಲೆಮಾರಿನ ಬಾಬರ್ 1526ರಲ್ಲಿ ದೆಹಲಿ ಗೆದ್ದ. ನಾವು ಆ ವಂಶವನ್ನ ಮೊಘಲರು ಅಂತೀವಿ. ಅವರು ತಮ್ಮನ್ನ ಕರ್ಕೊಂಡದ್ದು 'ಗುರ್ಕಾನಿ' ಅಂತ. ಹೌದು, ಅದೇ ಅಳಿಯನ ಬಿರುದು. ಶಾಹಜಹಾನ್ ತೈಮೂರನ ಒಂದು ಬಿರುದು ತಗೊಂಡು, ತಾನು ಅದರಲ್ಲಿ ಎರಡನೆಯವನು ಅಂತ ಸೇರಿಸಿಕೊಂಡ. ಅವನ ಮಗ ಔರಂಗಜೇಬ್, ತೈಮೂರನಿಂದ ಹತ್ತನೇ ತಲೆಮಾರು.

ಔರಂಗಜೇಬ್ ಕೊನೆಯ 25 ವರ್ಷ ದಖ್ಖನಿನಲ್ಲೇ ಕಳೆದ. 1686ರಲ್ಲಿ ಬಿಜಾಪುರ, 1687ರಲ್ಲಿ ಗೋಲ್ಕೊಂಡ ಬಿದ್ದವು. 1689ರ ಮಾರ್ಚಿನಲ್ಲಿ ಶಿವಾಜಿಯ ಮಗ ಸಂಭಾಜಿಯನ್ನ ಚಿತ್ರಹಿಂಸೆ ಕೊಟ್ಟು ಕೊಲ್ಲಿಸಿದ. ಸಂಭಾಜಿಯ ತಮ್ಮ ರಾಜಾರಾಮ ವೇಷ ಮರೆಸಿಕೊಂಡು ದಕ್ಷಿಣಕ್ಕೆ, ಈಗಿನ ತಮಿಳುನಾಡಿನ ಜಿಂಜಿ ಕೋಟೆಗೆ ಓಡಿದ. ದಾರಿ ಹಾದದ್ದು ಕೆಳದಿ ರಾಜ್ಯದ ಮೂಲಕ.

ಕೆಳದಿಯಲ್ಲಿ ಆಗ ಗದ್ದುಗೆ ಮೇಲಿದ್ದವಳು ಚೆನ್ನಮ್ಮಾಜಿ. ಗಂಡ ಸೋಮಶೇಖರ ನಾಯಕ ತೀರಿಕೊಂಡ ಮೇಲೆ 25 ವರ್ಷ ಆಳಿದ ರಾಣಿ. ಸಾಗರದ ಹತ್ತಿರದ ಕೆಳದಿ ಮೊದಲ ರಾಜಧಾನಿ, ಆಮೇಲೆ ಇಕ್ಕೇರಿ, ಅವಳ ಕಾಲಕ್ಕೆ ಬಿದನೂರು. ಅವಳ ಎದುರಿಗಿದ್ದ ಆಯ್ಕೆ ನೋಡಿ. ಆಶ್ರಯ ಕೊಟ್ಟರೆ ಬಿಜಾಪುರ, ಗೋಲ್ಕೊಂಡವನ್ನೇ ನುಂಗಿದವನ ಸೈನ್ಯ ಬರುತ್ತೆ. ಕೊಡದಿದ್ರೆ ಮನೆ ಬಾಗಿಲಿಗೆ ಬಂದವನನ್ನ ಸಾವಿಗೆ ಒಪ್ಪಿಸಿದ ಹಾಗೆ. ಅವಳು ಆಶ್ರಯ ಕೊಟ್ಟಳು, ಮುಂದಿನ ದಾರಿಗೆ ನೆರವೂ ಕೊಟ್ಟಳು. ಸೈನ್ಯ ಬಂದೇ ಬಂತು.

ಕೆಳದಿ ಅರಸರ ಚರಿತ್ರೆ ಹೇಳೋ ಲಿಂಗಣ್ಣ ಕವಿಯ 'ಕೆಳದಿನೃಪವಿಜಯ' ಈ ಯುದ್ಧದ ಕಥೆ ಹೇಳುತ್ತೆ. ಮೊಘಲ್ ಸೈನ್ಯ ಬಿದನೂರಿಗೆ ಮುತ್ತಿಗೆ ಹಾಕಿತು. ರಾಣಿ ಭುವನಗಿರಿಗೆ, ಅಂದ್ರೆ ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗಕ್ಕೆ ಸರಿದು ಅಲ್ಲಿಂದ ಹೋರಾಡಿದಳು. ಕೊನೆಗೆ ಸಂಧಿಯಾಯ್ತು. ರಾಜಾರಾಮ ಅಷ್ಟರಲ್ಲಿ ಜಿಂಜಿ ಸೇರಿದ್ದ. ಆ ಒಂದು ಕೋಟೆ ಗೆಲ್ಲೋಕೆ ಮೊಘಲರಿಗೆ 1698ರವರೆಗೆ ಹಿಡೀತು.

ಗೆದ್ದವರು ಯಾರು? ನಮ್ಮ ಕಡೆಯ ಬರಹ ರಾಣಿಯ ಶೌರ್ಯ ಹೇಳುತ್ತೆ. ಮೊಘಲರ ಕಡೆಯ ಬರಹ ರಾಣಿ ಕಪ್ಪ ಕೊಟ್ಟು ತಪ್ಪಿಸಿಕೊಂಡಳು ಅನ್ನುತ್ತೆ. ನನಗೆ ಎರಡೂ ಒಟ್ಟಿಗೇ ನಿಜ ಇರಬಹುದು ಅನ್ನಿಸುತ್ತೆ. ಹೋರಾಡಿದಳು, ಆಮೇಲೆ ಒಂದಿಷ್ಟು ದುಡ್ಡು ಕೊಟ್ಟಳು, ರಾಜ್ಯ ಉಳಿಸಿಕೊಂಡಳು. ದುಡ್ಡು ಕೊಟ್ಟಳು ಅಂದ್ರೆ ಅವಳ ಎತ್ತರ ಕಡಿಮೆ ಆಗುತ್ತಾ? ಬಂದವನನ್ನ ಒಪ್ಪಿಸಲಿಲ್ಲವಲ್ಲ, ಅದು ಮುಖ್ಯ. ಜನರನ್ನೂ ಉಳಿಸಿದಳಲ್ಲ, ಅದೂ ಮುಖ್ಯ.

ಕಾಡು ಕಾದದ್ದು ಎಷ್ಟು?

ಇನ್ನೊಂದು ಕಾರಣ ನೆಲದ್ದು. ತೈಮೂರನ ಕಾಲದಿಂದ ಬಂದ ಯುದ್ಧದ ರೀತಿಗೆ ಬಯಲು ಬೇಕು. ಕುದುರೆ ಓಡೋಕೆ ಜಾಗ, ಮೇಯೋಕೆ ಹುಲ್ಲು, ತೋಪು ಎಳೆಯೋಕೆ ಗಟ್ಟಿ ದಾರಿ. ನಮ್ಮಲ್ಲಿ ಏನಿದೆ? ದಟ್ಟ ಕಾಡು, ಹಳ್ಳ, ಕೆಸರು ಗದ್ದೆ, ಇಂಬಳ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಮಳೆಗಾಲ ಶುರುವಾಗೋದ್ರೊಳಗೆ ಕೆಲಸ ಮುಗೀದಿದ್ರೆ ದೊಡ್ಡ ಸೈನ್ಯ ಇಲ್ಲಿ ಕೊಳೆಯುತ್ತೆ. ಕವಲೇದುರ್ಗ ಹತ್ತಿದವರಿಗೆ ಗೊತ್ತು. ಕಲ್ಲು ಹಾಸಿದ ದಾರಿ ಏರಿ ಏರಿ ಒಂದು ಬಾಗಿಲು, ಮತ್ತೆ ಏರಿದ್ರೆ ಇನ್ನೊಂದು. ನಾನು ಹೋದಾಗೆಲ್ಲ ಎರಡನೇ ಬಾಗಿಲಿನ ಹೊತ್ತಿಗೆ ಉಸಿರು ಬಿಡ್ತಾ ಕೂತುಬಿಡ್ತೀನಿ. ಅಂಥಾ ಕಡೆ ಕುದುರೆ ಮೇಲೆ ಬಿಲ್ಲು ಹಿಡಿದವನು ಏನು ಮಾಡ್ತಾನೆ?

ಆದ್ರೆ ಕಾಡೇ ಕಾಯುತ್ತೆ ಅಂತ ತಿಳ್ಕೊಂಡ್ರೆ ತಪ್ಪು. 1763ರಲ್ಲಿ ಇದೇ ಬಿದನೂರು ಹೈದರ್ ಅಲಿಗೆ ಬಿತ್ತು. ಗುಪ್ತ ದಾರಿ ತೋರಿಸಿದವನು ಇದೇ ರಾಜ್ಯದ ಹಳೆಯ ಮಂತ್ರಿ ಅಂತ ಬ್ರಿಟಿಷ್ ಚರಿತ್ರೆಕಾರ ವಿಲ್ಕ್ಸ್ ಬರೆದಿದ್ದಾನೆ. ಅದೇ ಕಾಡು, ಅದೇ ಬೆಟ್ಟ. ಆದ್ರೆ ಒಳಗಿನ ಜನ ಒಡೆದಿದ್ರು.

ಹಾಗಾದ್ರೆ ಉಳಿದದ್ದು ಏನು?

ಸಮಾಧಿ ಶಾಪದ ರೀಲ್ಸ್ ಬಗ್ಗೆ ಕೇಳಿದ್ರಲ್ಲ. 1941ರ ಜೂನ್‌ನಲ್ಲಿ ಸೋವಿಯತ್ ವಿಜ್ಞಾನಿ ಗೆರಾಸಿಮೋವ್ ಸಮರ್ಕಂದದಲ್ಲಿ ತೈಮೂರನ ಸಮಾಧಿ ತೆರೆದದ್ದು ನಿಜ. ಮೂಳೆ ನೋಡಿ ಅವನು ಕುಂಟನೇ ಹೌದು ಅಂತ ಖಚಿತವಾಯ್ತು. ಜೂನ್ 22ಕ್ಕೆ ಹಿಟ್ಲರ್ ಸೋವಿಯತ್ ಮೇಲೆ ದಾಳಿ ಮಾಡಿದ್ದೂ ನಿಜ. ಆದ್ರೆ ಆ ದಾಳಿಯ ಆದೇಶಕ್ಕೆ ಹಿಟ್ಲರ್ ಸಹಿ ಹಾಕಿದ್ದು 1940ರ ಡಿಸೆಂಬರ್ 18ರಂದು. ಶಾಪಕ್ಕೆ ಆರು ತಿಂಗಳು ಮೊದಲೇ ಯುದ್ಧ ನಿಗದಿಯಾಗಿತ್ತು.

ತಾಷ್ಕೆಂಟಿನಲ್ಲಿ ಒಂದು ಕಾಲದಲ್ಲಿ ಕಾರ್ಲ್ ಮಾರ್ಕ್ಸ್ ಪ್ರತಿಮೆ ಇದ್ದ ಚೌಕದಲ್ಲಿ 1993ರಿಂದ ಕುದುರೆ ಏರಿದ ತೈಮೂರ್ ನಿಂತಿದ್ದಾನೆ. ಹೊಸ ದೇಶಕ್ಕೆ ಒಬ್ಬ ಹೀರೋ ಬೇಕಿತ್ತು. ನಮ್ಮಲ್ಲಿ ಅದೇ ಹೆಸರು ಬೈಗುಳ. ಅವನ ಮೊಮ್ಮಗ ಉಲುಗ್ ಬೇಗ್ ಸಮರ್ಕಂದದಲ್ಲಿ ವೀಕ್ಷಣಾಲಯ ಕಟ್ಟಿ ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಪಟ್ಟಿ ಮಾಡಿಸಿದ. ತಾತ ತಲೆ ಎಣಿಸಿದ, ಮೊಮ್ಮಗ ನಕ್ಷತ್ರ ಎಣಿಸಿದ. ವಂಶ ಅಂದ್ರೆ ಹಣೆಬರಹ ಅಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಈಗ ಆ ಕ್ಲಾಸ್ ಗ್ರೂಪಿನ ಜಗಳಕ್ಕೆ ಬರ್ತೀನಿ. ಗ್ರೂಪಲ್ಲಿ ಯಾರೋ ತಲೆಬುರುಡೆಯ ವಿಡಿಯೋ ಹಾಕ್ತಾರೆ. ಅದೇ ಗ್ರೂಪಲ್ಲಿರೋ ಒಬ್ಬ ಸಹಪಾಠಿಯ ಹೆಸರು ನೋಡಿ "ನಿಮ್ಮವನು" ಅಂತ ಕೆಳಗೆ ಬರೀತಾರೆ. ಮಾರಾಯ್ರೆ, ತೈಮೂರ್ ಅವನ ಮನೆಯವನೂ ಅಲ್ಲ, ನಿಮ್ಮ ಮನೆಯವನೂ ಅಲ್ಲ. "ನಾನು ತೈಮೂರನ ಕಡೆಯವನು, ಅದಕ್ಕೇ ನನಗೆ ಆಳೋ ಹಕ್ಕು" ಅಂತ ಹೇಳಿದ್ದು ರಾಜರು. "ನೀನು ತೈಮೂರನ ಕಡೆಯವನು, ಅದಕ್ಕೇ ನೀನು ತಪ್ಪಿತಸ್ಥ" ಅಂತ ಈಗ ನಾವು ಹೇಳಿದ್ರೆ, ಅದೇ ಸುಳ್ಳನ್ನ ತಿರುಗಿಸಿ ಹಿಡಿದ ಹಾಗೆ. ತೈಮೂರ್ ಮಾಡಿದ ಕೊಲೆಯನ್ನ ಕೊಲೆ ಅಂತಲೇ ಹೇಳಬೇಕು, ಮುಚ್ಚಬಾರದು, ಸತ್ತವರನ್ನ ಮರೀಬಾರದು. ಅದನ್ನ ಪಕ್ಕದ ಬೆಂಚಿನವನ ಲೆಕ್ಕಕ್ಕೆ ಬರೆಯೋದು ಮಾತ್ರ ಚರಿತ್ರೆ ಅಲ್ಲ.

ತೈಮೂರನ ಹೆಸರು ಬಾಗಿಲಿಗೆ ಬಂದಾಗ ನಮ್ಮ ಕಡೆಯವರು ಏನು ಮಾಡಿದ್ರು ಅನ್ನೋದೂ ಅವನ ಚರಿತ್ರೆಯ ಭಾಗವೇ. ಕಾಗದ ಹಿಡಿದು ಬಂದವನಿಗೆ ಹಂಪಿಯಲ್ಲಿ ವೀಳ್ಯ ಸಿಕ್ಕಿತು. ಕತ್ತಿ ಹಿಡಿದು ಬಂದವರಿಗೆ ಬಿದನೂರಿನಲ್ಲಿ ಪ್ರತಿರೋಧ ಸಿಕ್ಕಿತು, ಕೊನೆಗೆ ಸಂಧಿಯೂ ಸಿಕ್ಕಿತು. ಓಡಿ ಬಂದವನಿಗೆ ಆಶ್ರಯ ಸಿಕ್ಕಿತು.

ರಜೆಯಲ್ಲಿ ಸಮಯ ಇದ್ರೆ ಕೆಳದಿಯ ರಾಮೇಶ್ವರ ದೇವಸ್ಥಾನ, ಅಲ್ಲಿನ ವಸ್ತುಸಂಗ್ರಹಾಲಯ ನೋಡಿ ಬನ್ನಿ. ನಗರದ ಕೋಟೆ, ಕವಲೇದುರ್ಗ ಎಲ್ಲ ಒಂದೇ ದಿನಕ್ಕೆ ಆಗಲ್ಲ, ಎರಡು ದಿನ ಇಟ್ಕೊಳ್ಳಿ. ಮಳೆಗಾಲದಲ್ಲಿ ಕಲ್ಲು ಜಾರುತ್ತೆ, ಇಂಬಳಕ್ಕೆ ಉಪ್ಪು ಜೊತೆಗಿರಲಿ. ಪ್ರಶ್ನೆ ಇದ್ರೆ ವಾಯ್ಸ್ ಮೆಸೇಜ್ ಕಳಿಸಿ, ಕೇಳಿ ಉತ್ತರ ಕೊಡ್ತೀನಿ. ಮುಂದಿನ ವಾರ ಸಿಗೋಣ.